ಗೋಕರ್ಣದ ಕಡಲನ್ನು ನೋಡುವ ಮೂರು ದಾರಿಗಳು: ಗುಡ್ಡ, ದೋಣಿ, ಅಳಿವೆ

ಗೋಕರ್ಣಕ್ಕೆ ಬರುವವರಲ್ಲಿ ಹೆಚ್ಚಿನವರು ಮಹಾಬಲೇಶ್ವರನ ದರ್ಶನ ಮುಗಿಸಿ, ಓಂ ಕಡಲತೀರದಲ್ಲಿ ಒಂದು ಸಂಜೆ ಕಳೆದು ಮರಳಿಬಿಡುತ್ತಾರೆ. ಇನ್ನೊಂದು ಪೂರ್ತಿ ದಿನ ಕೈಯಲ್ಲಿದ್ದರೆ ಅದನ್ನು ಹೇಗೆ ಬಳಸಬೇಕೆಂಬ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರಗಳು ಸಿಗುತ್ತವೆ. ಊರಿನ ಕಡಲತೀರದಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿಯುತ್ತ ಪ್ಯಾರಡೈಸ್ ತೀರದವರೆಗೆ ನಡೆಯುವುದು ಒಂದು. ಓಂ ತೀರದಿಂದ ಯಂತ್ರದ ದೋಣಿ ಹಿಡಿದು ಅದೇ ಕರಾವಳಿಯನ್ನು ಸಮುದ್ರದ ಕಡೆಯಿಂದ ನೋಡುವುದು ಇನ್ನೊಂದು. ಕಡಲಿಗೆ ಬೆನ್ನು ಹಾಕಿ ತದಡಿಗೆ ಹೋಗಿ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ನಿಧಾನವಾಗಿ ಸುತ್ತುವುದು ಮೂರನೆಯದು. ಮೂರನ್ನೂ ಬೇರೆ ಬೇರೆ ಋತುಗಳಲ್ಲಿ, ಬೇರೆ ಬೇರೆ ಜೊತೆಗಾರರೊಂದಿಗೆ ಮಾಡಿ ನೋಡಿದ ಮೇಲೆ ನನಗೆ ಸ್ಪಷ್ಟವಾದ ಸಂಗತಿಯೆಂದರೆ, ಇವುಗಳಲ್ಲಿ ಯಾವುದು ಉತ್ತಮವೆಂಬುದನ್ನು ನಮ್ಮ ಅಭಿರುಚಿಗಿಂತ ಹೆಚ್ಚಾಗಿ ಬಿಸಿಲು, ಗಾಳಿ ಮತ್ತು ಉಬ್ಬರ ಇಳಿತಗಳ ಹೊತ್ತೇ ನಿರ್ಧರಿಸುತ್ತದೆ.

ಮೊದಲಿಗೆ ಗುಡ್ಡದ ದಾರಿ. ಗೋಕರ್ಣದ ತೀರದ ದಕ್ಷಿಣ ತುದಿಯಲ್ಲಿ, ರಾಮತೀರ್ಥದ ಬಳಿ ಮೆಟ್ಟಿಲು ಹತ್ತಿದರೆ ಕೆಂಪು ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು ತೆರೆದುಕೊಳ್ಳುತ್ತದೆ. ಅಲ್ಲಿಂದ ಕುಡ್ಲೆ, ಓಂ, ಹಾಫ್ ಮೂನ್ ಮತ್ತು ಪ್ಯಾರಡೈಸ್ ಎಂಬ ನಾಲ್ಕು ತೀರಗಳು ಒಂದರ ನಂತರ ಒಂದು ಬರುತ್ತವೆ. ಪ್ರತಿ ಎರಡು ತೀರಗಳ ನಡುವೆ ಸಮುದ್ರಕ್ಕೆ ಚಾಚಿಕೊಂಡ ಒಂದು ಗುಡ್ಡದ ಮೂಗು ಇರುತ್ತದೆ. ಒಟ್ಟು ದೂರ ಆರೇಳು ಕಿಲೋಮೀಟರ್ ಅಷ್ಟೆ. ಆದರೆ ಪ್ರತಿ ತೀರಕ್ಕೂ ಇಳಿದು ಮತ್ತೆ ಹತ್ತಬೇಕಾಗುವುದರಿಂದ ಸಮತಟ್ಟಾದ ದಾರಿಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಓಂ ತೀರದವರೆಗೆ ವಾಹನದ ರಸ್ತೆಯಿದೆ, ಜನರ ಓಡಾಟವೂ ಇದೆ. ಅದರಾಚೆ ಹಾಫ್ ಮೂನ್ ತೀರಕ್ಕೆ ಕಾಲುದಾರಿಯೇ ಗತಿ. ಆ ತುಣುಕಿನಲ್ಲಿ ದಾರಿ ಕೆಲವೆಡೆ ಬಂಡೆಯ ಅಂಚಿನಲ್ಲೇ ಸಾಗುತ್ತದೆ, ಸಡಿಲ ಹರಳುಗಳ ಮೇಲೆ ಕಾಲು ಜಾರುತ್ತದೆ. ಚಪ್ಪಲಿ ಹಾಕಿಕೊಂಡು ಬಂದವರು ಇಲ್ಲಿ ಪಡುವ ಪಾಡನ್ನು ಕಂಡಿದ್ದೇನೆ. ಹಿಡಿತವಿರುವ ಶೂ ಇಲ್ಲದೆ ಈ ಭಾಗಕ್ಕೆ ಹೊರಡಬಾರದು.

ಈ ನಡಿಗೆಗೆ ಬೆಳಗಿನ ಹೊತ್ತನ್ನೇ ಆರಿಸಬೇಕೆನ್ನುವುದಕ್ಕೆ ಬಲವಾದ ಕಾರಣವಿದೆ. ತೀರಗಳು ಹೆಚ್ಚುಕಡಿಮೆ ಪಶ್ಚಿಮಕ್ಕೋ ನೈಋತ್ಯಕ್ಕೋ ಮುಖ ಮಾಡಿವೆ, ಅವುಗಳ ಬೆನ್ನಿಗೆ ಗುಡ್ಡವಿದೆ. ಹೀಗಾಗಿ ಸೂರ್ಯ ಹುಟ್ಟಿದ ಮೇಲೂ ಬಹಳ ಹೊತ್ತು ಮರಳು ಗುಡ್ಡದ ನೆರಳಿನಲ್ಲೇ ಉಳಿಯುತ್ತದೆ. ಮಧ್ಯಾಹ್ನದ ನಂತರ ಪರಿಸ್ಥಿತಿ ತಿರುಗುಮುರುಗಾಗುತ್ತದೆ: ಬಿಸಿಲು ಕಡಲಿನ ಕಡೆಯಿಂದ ನೇರವಾಗಿ ಮುಖಕ್ಕೆ ಬಡಿಯುತ್ತದೆ, ನೀರಿನಿಂದ ಪ್ರತಿಫಲಿಸಿ ಇನ್ನೊಮ್ಮೆ ಸುಡುತ್ತದೆ, ಮುರಕಲ್ಲಿನ ಬಯಲಿನಲ್ಲಿ ಒಂದು ಮರದ ನೆರಳೂ ಸಿಗುವುದಿಲ್ಲ. ಸೂರ್ಯಾಸ್ತದ ಆಸೆಯಿಂದ ಸಂಜೆ ಹೊರಡುವವರು ಕತ್ತಲಲ್ಲಿ ಬಂಡೆಯ ದಾರಿಯಲ್ಲಿ ಹಿಂದಿರುಗಬೇಕಾಗುತ್ತದೆ, ಅದು ಅಪಾಯ. ಸೂರ್ಯಾಸ್ತವನ್ನು ನೋಡಲೇಬೇಕೆಂದಿದ್ದರೆ ಕುಡ್ಲೆಯ ಮೇಲಿನ ಗುಡ್ಡದಲ್ಲಿ ನೋಡಿ, ಅಲ್ಲಿಂದ ಊರಿಗೆ ಹಿಂದಿರುಗುವುದು ಸುಲಭ.

ಮಳೆಗಾಲ ಮುಗಿದ ಕೂಡಲೇ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಈ ಮುರಕಲ್ಲಿನ ಬಯಲಿನ ಚೆಲುವೇ ಬೇರೆ. ತೆಳುವಾದ ಮಣ್ಣಿನಲ್ಲಿ ನೀರು ನಿಂತು, ಅಂಗೈಗಿಂತ ಎತ್ತರಕ್ಕೆ ಬೆಳೆಯದ ಗಿಡಗಳಲ್ಲಿ ಬಿಳಿ ಮತ್ತು ನೀಲಿ ಹೂಗಳು ಅರಳಿರುತ್ತವೆ. ಡಿಸೆಂಬರ್ ಹೊತ್ತಿಗೆ ಅವೆಲ್ಲ ಒಣಗಿ ಬರಿಯ ಹಳದಿ ಹುಲ್ಲು ಉಳಿದಿರುತ್ತದೆ. ಪ್ರವಾಸಿಗಳ ದಟ್ಟಣೆ ಡಿಸೆಂಬರಿನಲ್ಲಿ, ಗುಡ್ಡದ ಸೊಬಗು ಅದಕ್ಕಿಂತ ಎರಡು ತಿಂಗಳು ಮೊದಲು.

ಓಂ ತೀರದಿಂದ ಹೊರಡುವ ದೋಣಿಯ ಸವಾರಿ ಚಿಕ್ಕದು, ನಿರಾಯಾಸವಾದದ್ದು. ಎರಡು ಅರ್ಧಚಂದ್ರಗಳು ಕೂಡಿದಂತಿರುವ ಓಂ ತೀರದ ಆಕಾರ ಮರಳಿನ ಮೇಲೆ ನಿಂತವರಿಗೆ ತಿಳಿಯುವುದಿಲ್ಲ. ಗುಡ್ಡದ ಮೇಲಿನಿಂದ ಚೆನ್ನಾಗಿ ಕಾಣುತ್ತದೆ, ದೋಣಿಯಿಂದ ಅರೆಬರೆ ಕಾಣುತ್ತದೆ. ದೋಣಿಯಿಂದ ನಿಜವಾಗಿ ಕಾಣುವುದು ಗುಡ್ಡಗಳ ಬುಡ: ಅಲೆಗಳ ಹೊಡೆತಕ್ಕೆ ಕೊರೆದುಹೋದ ಕಪ್ಪು ಬಂಡೆ, ಅದರ ಮೇಲೆ ಕೂತ ಕೆಂಪು ಮುರಕಲ್ಲಿನ ಪದರ. ನಡೆಯುವವರು ಈ ಪದರಗಳ ಮೇಲೆಯೇ ಕಾಲಿಟ್ಟಿದ್ದರೂ ಅವುಗಳನ್ನು ಒಟ್ಟಾಗಿ ಕಾಣಲಾರರು. ಆ ಒಂದು ನೋಟಕ್ಕಾಗಿ ದೋಣಿ ಹತ್ತುವುದು ಸಾರ್ಥಕವೆಂದು ನನ್ನ ಅಭಿಪ್ರಾಯ.

ಆದರೆ ಬಹಳ ಮಂದಿ ದೋಣಿ ಹತ್ತುವುದು ಡಾಲ್ಫಿನ್ ನೋಡಲಿಕ್ಕೆ. ಈ ಕರಾವಳಿಯಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳಿರುವುದು ನಿಜ, ಅವು ದಡಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲೇ ಬೇಟೆಯಾಡುತ್ತವೆ. ಕಂಡರೂ ಕಾಣುವುದು ಬೂದುಬಣ್ಣದ ಒಂದು ಬೆನ್ನು, ಒಂದೆರಡು ಕ್ಷಣ. ಚಿತ್ರಗಳಲ್ಲಿ ನೋಡುವಂಥ ಜಿಗಿತವನ್ನು ನಿರೀಕ್ಷಿಸುವುದು ಸರಿಯಲ್ಲ. ಒಂದು ಬೆನ್ನು ಕಂಡೊಡನೆ ಎರಡು ಮೂರು ದೋಣಿಗಳು ಅದರ ಹಿಂದೆ ಯಂತ್ರ ಜೋರುಮಾಡಿಕೊಂಡು ಓಡುವುದನ್ನು ಕಂಡಾಗ ನನಗೆ ಬಹಳ ಬೇಸರವಾಯಿತು. ಡಾಲ್ಫಿನ್‌ಗಳು ಬೇಟೆಗೂ ಪರಸ್ಪರ ಸಂಪರ್ಕಕ್ಕೂ ಸದ್ದನ್ನೇ ಅವಲಂಬಿಸಿವೆ. ಯಂತ್ರದ ಗದ್ದಲ ಅವುಗಳ ಪಾಲಿಗೆ ಕಣ್ಣಿಗೆ ಹೊಗೆ ಹಾಕಿದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅವುಗಳಿಗೆ ರಕ್ಷಣೆಯಿದೆ. ದೋಣಿಯವರೊಡನೆ ಮೊದಲೇ ಮಾತಾಡಿ, ಡಾಲ್ಫಿನ್ ಕಂಡ ಕಡೆ ಬೆನ್ನಟ್ಟದೆ ಯಂತ್ರ ನಿಲ್ಲಿಸಲು ಕೇಳಿಕೊಂಡರೆ ಅವರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ನಾವು ಹಾಗೆ ನಿಲ್ಲಿಸಿ ಕಾದಾಗ ಅವು ದೂರ ಹೋಗದೆ ಅಲ್ಲೇ ಸುತ್ತಮುತ್ತ ಮೇಲೆ ಬಂದವು. ಬೆನ್ನಟ್ಟಿದಾಗ ಕಂಡದ್ದಕ್ಕಿಂತ ಹೆಚ್ಚು ಹೊತ್ತು ಕಂಡೆವು.

ದೋಣಿಗೂ ಬೆಳಗಿನ ಹೊತ್ತೇ ಒಳ್ಳೆಯದು, ಕಾರಣ ಮಾತ್ರ ಬೇರೆ. ಹಗಲು ಏರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಆಗ ಕಡಲಿನಿಂದ ದಡದತ್ತ ಗಾಳಿ ಬೀಸತೊಡಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಬಲವಾಗಿ ಅಲೆಗಳು ಮೊನಚಾಗುತ್ತವೆ, ಚಿಕ್ಕ ದೋಣಿ ಎತ್ತಿ ಕುಕ್ಕುತ್ತದೆ. ಬೆಳಿಗ್ಗೆ ಆನಂದವೆನಿಸಿದ ಸವಾರಿಯೇ ಮಧ್ಯಾಹ್ನ ಹಿರಿಯರಿಗೆ ಬೆನ್ನುನೋವಾಗುತ್ತದೆ. ಜೀವರಕ್ಷಕ ಜಾಕೆಟ್ ಹಾಕಿಕೊಳ್ಳದೆ ಯಾವ ಹೊತ್ತಿನಲ್ಲೂ ಹತ್ತಬೇಡಿ.

ನಡಿಗೆ ಮತ್ತು ದೋಣಿ ಎರಡೂ ಬೆಳಗನ್ನೇ ಬೇಡುವುದರಿಂದ ಅವು ಪರಸ್ಪರ ಎದುರಾಳಿಗಳಂತೆ ತೋರುತ್ತವೆ. ಒಂದು ಕಡೆಗೆ ನಡೆದು ಇನ್ನೊಂದು ಕಡೆಗೆ ದೋಣಿಯಲ್ಲಿ ಮರಳುವುದೇ ಇದಕ್ಕೆ ನಾನು ಕಂಡುಕೊಂಡ ಪರಿಹಾರ. ನಸುಕಿನಲ್ಲಿ ಹೊರಟು ನೆರಳಿರುವಾಗಲೇ ಪ್ಯಾರಡೈಸ್ ತಲುಪಿ, ಗಾಳಿ ಏಳುವ ಮೊದಲು ದೋಣಿಯಲ್ಲಿ ಓಂ ತೀರಕ್ಕೆ ಬಂದುಬಿಡಬಹುದು. ಹಿಂದಿನ ಸಂಜೆಯೇ ಓಂ ತೀರದಲ್ಲಿ ದೋಣಿಯವರೊಡನೆ ಹೊತ್ತು ಮತ್ತು ದರ ಎರಡನ್ನೂ ಖಚಿತಪಡಿಸಿಕೊಂಡಿರಬೇಕು. ಅಲ್ಲಿ ಹೋದ ಮೇಲೆ ಕೇಳಿದರೆ ದರ ಅವರದ್ದೇ ಆಗುತ್ತದೆ. ಓಂ ದಾಟಿದ ಮೇಲೆ ಕುಡಿಯುವ ನೀರು ಸಿಗುತ್ತದೆಂದು ನಂಬದೆ ಜೊತೆಗೇ ಒಯ್ಯಬೇಕು.

ಇನ್ನು ಅಳಿವೆ. ನನ್ನ ಮನಸ್ಸು ಪೂರ್ತಿಯಾಗಿ ಒಲಿದಿರುವುದು ಇದಕ್ಕೇ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಗೋಕರ್ಣದ ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ ಸಮುದ್ರ ಸೇರುತ್ತವೆ. ಶಿರಸಿಯ ಬಳಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಣ್ಣು ಮತ್ತು ಕೊಳೆತ ಎಲೆಯ ಸಾರ ತಡೆಯಿಲ್ಲದೆ ಕೆಳಗೆ ಬರುವುದರಿಂದಲೇ ಈ ಅಳಿವೆ ಇಷ್ಟು ಸಮೃದ್ಧವಾಗಿದೆ. 2024ರಲ್ಲಿ ಇದನ್ನು ರಾಮ್ಸರ್ ಜೌಗುಪ್ರದೇಶವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಘೋಷಿಸಲಾಯಿತು. ಅದಕ್ಕೂ ಮೊದಲು ತದಡಿಯಲ್ಲಿ ಭಾರೀ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ಜನರ ವಿರೋಧದ ನಡುವೆ ಅದು ಕೈಬಿಟ್ಟುಹೋಗಿತ್ತು. ದೋಣಿಯಲ್ಲಿ ಕೂತು ಎರಡೂ ದಡಗಳನ್ನು ನೋಡುವಾಗ, ಇಲ್ಲಿ ಏನು ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಇಳಿತದ ಹೊತ್ತಿನಲ್ಲಿ ಅಳಿವೆಯ ನಡುವೆ ಮರಳು ಮತ್ತು ಕೆಸರಿನ ದಿಬ್ಬಗಳು ತಲೆಯೆತ್ತುತ್ತವೆ. ಸೊಂಟದವರೆಗಿನ ನೀರಿನಲ್ಲಿ ನಿಂತು ಗಂಡಸರೂ ಹೆಂಗಸರೂ ಚಿಪ್ಪಿ ಹೆಕ್ಕುತ್ತಾರೆ. ಸುತ್ತಲಿನ ಎಷ್ಟೋ ಹಳ್ಳಿಗಳ ದುಡಿಮೆ ಅದರ ಮೇಲೆ ನಿಂತಿದೆ. ಅವರು ಕೆಲಸದಲ್ಲಿರುತ್ತಾರೆಂಬುದನ್ನು ನೆನಪಿಟ್ಟು, ಕೇಳದೆ ಫೋಟೋ ತೆಗೆಯಬಾರದು. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಕಮಾನಿನಂಥ ಬೇರುಗಳನ್ನು ಊರಿ ನಿಂತಿರುತ್ತವೆ. ಅವುಗಳ ಜೊತೆಗೇ ಬೆಳೆಯುವ ಬೇರೆ ಜಾತಿಯ ಗಿಡಗಳು ಉಸಿರಾಟಕ್ಕಾಗಿ ಪೆನ್ಸಿಲಿನಂಥ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಕಳಿಸಿರುತ್ತವೆ. ಉಬ್ಬರ ಬಂದಾಗ ಇದಿಷ್ಟೂ ಮುಳುಗಿ, ನೋಡುವವನಿಗೆ ಅಗಲವಾದ ಒಂದು ನೀರಿನ ಹರವು ಮಾತ್ರ ಉಳಿಯುತ್ತದೆ. ಅಂದರೆ ಇಲ್ಲಿ ಬೆಳಿಗ್ಗೆಯೋ ಸಂಜೆಯೋ ಎಂಬುದು ಮುಖ್ಯವಲ್ಲ, ಇಳಿತವೋ ಉಬ್ಬರವೋ ಎಂಬುದೇ ಮುಖ್ಯ. ಕಾರವಾರದ ಉಬ್ಬರ ಇಳಿತದ ವೇಳಾಪಟ್ಟಿ ನೋಡಿಕೊಂಡು, ಪೂರ್ತಿ ಇಳಿತಕ್ಕೆ ಒಂದು ಗಂಟೆ ಮೊದಲು ನೀರಿನ ಮೇಲಿರುವಂತೆ ಹೊರಟರೆ ಎಲ್ಲವೂ ಕಾಣುತ್ತದೆ. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಕೆಳಗಿಳಿಯುವುದರಿಂದ ದಿಬ್ಬಗಳೂ ಹೆಚ್ಚು ತೆರೆದುಕೊಳ್ಳುತ್ತವೆ.

ನದಿಯ ಅಂಚಿನ ಗಜನಿ ಗದ್ದೆಗಳನ್ನು ತಪ್ಪಿಸಿಕೊಳ್ಳಬೇಡಿ. ಉಪ್ಪುನೀರು ನುಗ್ಗುವ ಈ ತಗ್ಗು ನೆಲಕ್ಕೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಸಿಹಿನೀರಿನ ಬಲದಿಂದ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ತಳಿ ಅದು. ಕೊಯ್ಲಿನ ನಂತರ ಅದೇ ಗದ್ದೆಗೆ ಅಳಿವೆಯ ನೀರು ಬಿಟ್ಟರೆ ಮೀನು ಮತ್ತು ಸಿಗಡಿ ಒಳಗೆ ಬರುತ್ತವೆ, ಭತ್ತದ ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ನೆಲ ಅನ್ನವನ್ನೂ ಮೀನನ್ನೂ ಸರದಿಯಂತೆ ಕೊಡುವ ಈ ವ್ಯವಸ್ಥೆಯನ್ನು ತಿಳಿದ ಮೇಲೆ, ಕರಾವಳಿಯೆಂದರೆ ಅಲೆ ಮತ್ತು ಮರಳು ಎಂಬ ಎಣಿಕೆ ನನ್ನಲ್ಲಿ ಉಳಿಯಲಿಲ್ಲ.

ಖರ್ಚಿನ ದೃಷ್ಟಿಯಿಂದಲೂ ಅಳಿವೆ ಹಗುರ. ತದಡಿಯಿಂದ ಎದುರು ದಡದ ಅಘನಾಶಿನಿ ಊರಿಗೆ ಜನರನ್ನು ದಾಟಿಸುವ ದೋಣಿಯಲ್ಲಿ ಹೋಗಿ ಬಂದರೂ ಅಳಿವೆಯ ಬಾಯಿ ಕಾಣುತ್ತದೆ. ಒಳಗಿನ ಕಾಂಡ್ಲಾ ಸಾಲುಗಳಿಗೆ ಹೋಗಲು ಮಾತ್ರ ಮೀನುಗಾರರ ಚಿಕ್ಕ ದೋಣಿಯನ್ನು ಬೇರೆಯಾಗಿ ಗೊತ್ತುಮಾಡಿಕೊಳ್ಳಬೇಕು. ನೀರು ಶಾಂತವಾಗಿರುವುದರಿಂದ ಚಿಕ್ಕ ಮಕ್ಕಳಿಗೂ ಮಂಡಿನೋವಿನವರಿಗೂ ಮೂರರಲ್ಲಿ ಇದೇ ಸೂಕ್ತ. ಗರುಡ, ಬಿಳಿಹೊಟ್ಟೆಯ ಸಮುದ್ರ ಹದ್ದು, ಮಿಂಚುಳ್ಳಿಗಳನ್ನು ನೋಡುವ ಆಸೆಯಿದ್ದವರು ದುರ್ಬೀನು ತರಬೇಕು. ಕೊರತೆಯೆಂದರೆ ಒಂದೇ: ಈಜಬೇಕು, ಅಲೆಯಲ್ಲಿ ಆಡಬೇಕು ಎನ್ನುವ ಹದಿಹರೆಯದವರಿಗೆ ಇಲ್ಲಿ ಬೇಗ ಬೇಸರ ಬರುತ್ತದೆ. ಹಾಗೆಂದು ಅವರನ್ನು ಹಾಫ್ ಮೂನ್ ಅಥವಾ ಪ್ಯಾರಡೈಸ್‌ನ ನೀರಿಗೆ ಇಳಿಸುವುದೂ ಸರಿಯಲ್ಲ, ಅಲ್ಲಿ ನೀರಿನಡಿ ಬಂಡೆಗಳಿವೆ ಮತ್ತು ಹೊರಕ್ಕೆ ಎಳೆಯುವ ಸೆಳೆತವಿದೆ.

ಈ ಮೂರರ ಜಾಗದಲ್ಲಿ ಯಾಣಕ್ಕೆ ಹೋಗಬಹುದಲ್ಲವೇ ಎಂದು ಕೇಳುವವರಿದ್ದಾರೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ನಿಸ್ಸಂದೇಹವಾಗಿ ನೋಡತಕ್ಕದ್ದು. ಆದರೆ ಅದು ಕಾಡಿನ ಒಳಗಿನ ಪಯಣ, ಹೋಗಿ ಬರುವ ದಾರಿಯೇ ಅರ್ಧ ದಿನವನ್ನು ನುಂಗುತ್ತದೆ. ಕಡಲ ದಿನದ ಲೆಕ್ಕಕ್ಕೆ ಅದನ್ನು ಸೇರಿಸಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಈ ಹೋಲಿಕೆ ಪೂರ್ತಿ ಬದಲಾಗುತ್ತದೆ. ಆಗ ಕಡಲಿನ ದೋಣಿಯ ಮಾತೇ ಬರುವುದಿಲ್ಲ, ಗುಡ್ಡದ ಬಂಡೆಗಳ ಮೇಲೆ ಪಾಚಿ ಕಟ್ಟಿ ಓಂ ಆಚೆಗಿನ ದಾರಿ ನಂಬಲರ್ಹವಾಗಿ ಉಳಿಯುವುದಿಲ್ಲ, ಅಘನಾಶಿನಿಯೂ ಕೆಂಪಾಗಿ ಉಕ್ಕಿ ಹರಿಯುತ್ತದೆ. ಆ ದಿನಗಳಲ್ಲಿ ಬಂದವರು ಕುಮಟಾ ಕಡೆಗೆ ಹೋಗಿ ಮಿರ್ಜಾನ್ ಕೋಟೆಯನ್ನು ನೋಡುವುದು ಒಳ್ಳೆಯದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಕಾಳುಮೆಣಸು ಇದೇ ನದಿಯ ಮಾರ್ಗವಾಗಿ ಹಡಗು ಸೇರುತ್ತಿತ್ತು. ಪಾಚಿ ಹಸಿರಾದ ಮುರಕಲ್ಲಿನ ಗೋಡೆಗಳು ಮಳೆಯಲ್ಲೇ ಹೆಚ್ಚು ಚೆಂದ, ಹೆದ್ದಾರಿಯಿಂದ ದೂರವೂ ಇಲ್ಲ. ಕೋಟೆಯೊಳಗಿನ ಮೆಟ್ಟಿಲುಗಳೂ ಬಾವಿಯ ಅಂಚುಗಳೂ ಜಾರುವುದರಿಂದ ಅಲ್ಲಿಗೂ ಅದೇ ಹಿಡಿತದ ಶೂ ಬೇಕು.