ಟಿಸಿಪಿವ್ಯೂ: ಹೊಸಬರ ಕೈಗೆ ಕೊಡಬಹುದಾದ ಉಚಿತ ತಂತ್ರಾಂಶ

ಕಲಬುರಗಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನ ಮೇಲೆಯೇ ಲ್ಯಾಪ್‌ಟಾಪ್ ನಡೆಸುವ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುವುದೊಂದೇ: ಬ್ರೌಸರ್ ಮುಚ್ಚಿದ್ದರೂ ಮಧ್ಯಾಹ್ನದೊಳಗೆ ದಿನದ ಡೇಟಾ ಹೇಗೆ ಖಾಲಿಯಾಗುತ್ತದೆ? ವಿಂಡೋಸ್ ಬಳಸುವವರಿಗೆ ನಾನು ಮೊದಲು ಸೂಚಿಸುವುದು, ಯಾವ ಪ್ರೋಗ್ರಾಂ ಈ ಕ್ಷಣ ಯಾರೊಡನೆ ಸಂಪರ್ಕದಲ್ಲಿದೆ ಎಂದು ತೋರಿಸುವ ಟಿಸಿಪಿವ್ಯೂ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ತಾಣದಲ್ಲಿ ಉಚಿತವಾಗಿ ಸಿಗುವ ಇದನ್ನು ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಜಿಪ್ ಕಡತವನ್ನು ಬಿಚ್ಚಿ ತೆರೆದರೆ ಸಾಕು.

ತೆರೆದೊಡನೆ ಕಾಣುವ ಉದ್ದನೆಯ ಪಟ್ಟಿಯಲ್ಲಿ ಒಂದೊಂದು ಸಾಲೂ ಒಂದೊಂದು ಸಂಪರ್ಕ: ಯಾವ ಪ್ರೋಗ್ರಾಂ, ನಮ್ಮ ಕಡೆಯ ಯಾವ ಪೋರ್ಟ್‌ನಿಂದ (ಒಂದೇ ಕಂಪ್ಯೂಟರ್‌ನ ಬೇರೆ ಬೇರೆ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆ), ಆಚೆಯ ಯಾವ ವಿಳಾಸದ ಯಾವ ಪೋರ್ಟ್‌ಗೆ, ಈಗ ಯಾವ ಸ್ಥಿತಿಯಲ್ಲಿದೆ ಎಂಬುದೆಲ್ಲ ಅಲ್ಲಿರುತ್ತದೆ. ಹೊಸ ಸಂಪರ್ಕ ಹಸಿರಾಗಿ, ಸ್ಥಿತಿ ಬದಲಾದದ್ದು ಹಳದಿಯಾಗಿ, ಮುಗಿದದ್ದು ಕೆಂಪಾಗಿ ಒಮ್ಮೆ ಮಿನುಗುವುದರಿಂದ, ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೆ ಎಷ್ಟು ಸಂಪರ್ಕಗಳು ಹುಟ್ಟಿ ಸಾಯುತ್ತವೆಂಬುದು ಪಾಠವಿಲ್ಲದೆಯೇ ತಿಳಿಯುತ್ತದೆ. ವಿಂಡೋಸ್‌ನಲ್ಲೇ ಇರುವ ನೆಟ್‌ಸ್ಟ್ಯಾಟ್ ಆಜ್ಞೆಯಿಂದಲೂ ಈ ವಿವರಗಳಲ್ಲಿ ಹೆಚ್ಚಿನವು ಸಿಗುತ್ತವೆ, ಆದರೆ ಕಪ್ಪು ಪರದೆಯ ಮೇಲೆ ನಿಶ್ಚಲವಾಗಿ ನಿಂತ ಅಂಕಿಗಳಿಂದ ಹೊಸಬರು ಕಲಿಯುವುದು ಕಡಿಮೆ.

ಓದುವುದಕ್ಕೆ ಸ್ವಲ್ಪ ತಿಳಿವಳಿಕೆ ಬೇಕು. 'ಲಿಸನ್' ಎಂದಿದ್ದರೆ ಪ್ರೋಗ್ರಾಂ ಕರೆಗಾಗಿ ಕಾದು ಕುಳಿತಿದೆ ಎಂದಷ್ಟೇ ಅರ್ಥ. 'ಎಸ್ಟಾಬ್ಲಿಶ್ಡ್' ಎಂದಿದ್ದರೆ ಎರಡೂ ಕಡೆಯ ಸಂಪರ್ಕ ಕೂಡಿದೆ. ಆಚೆಯ ವಿಳಾಸ 127.0.0.1 ಎಂದಿದ್ದರೆ ಅದು ಕಂಪ್ಯೂಟರ್ ತನ್ನೊಡನೆ ತಾನೇ ನಡೆಸುವ ವ್ಯವಹಾರ, ಅದಕ್ಕೆ ಡೇಟಾ ಖರ್ಚಾಗುವುದಿಲ್ಲ. ಆಚೆಯ ಪೋರ್ಟ್ 443 ಆಗಿದ್ದರೆ ಅದು ಸಾಮಾನ್ಯವಾಗಿ ಗೂಢಲಿಪಿಯ ವೆಬ್ ಸಂಪರ್ಕ. ಎಸ್‌ವಿಸಿಹೋಸ್ಟ್ ಎಂಬ ಹೆಸರು ಹಲವು ಸಾಲುಗಳಲ್ಲಿ ಕಂಡೊಡನೆ ವೈರಸ್ ಎಂದು ಹೌಹಾರುವವರಿದ್ದಾರೆ; ಅದು ವಿಂಡೋಸ್‌ನ ಸೇವೆಗಳನ್ನು ನಡೆಸುವ ಪ್ರೋಗ್ರಾಂ. ಬಲಗುಂಡಿ ಒತ್ತಿದರೆ ಸಂಪರ್ಕ ಕಡಿಯುವ, ಪ್ರೋಗ್ರಾಂ ನಿಲ್ಲಿಸುವ ಆಯ್ಕೆಗಳು ಅಷ್ಟು ಸುಲಭವಾಗಿ ಸಿಗುವುದು ನನಗೆ ಹಿಡಿಸಲಿಲ್ಲ. ಕಲಿಯುವವರು ಅವುಗಳ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಸಂಪರ್ಕದೊಳಗೆ ಏನು ಸಾಗುತ್ತಿದೆ ಎಂಬುದನ್ನು ಇದು ತೋರಿಸದು. ಅದಕ್ಕೆ ಸಾಗುವ ದತ್ತಾಂಶವನ್ನೇ ಹಿಡಿದು ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶವಿದೆ, ಆದರೆ ಅದು ಮೊದಲ ವಾರದ ಸಾಧನವಲ್ಲ. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಟಿಸಿಪಿವ್ಯೂ ನಿನ್ನೆಯ ಲೆಕ್ಕವನ್ನು ಇಡುವುದಿಲ್ಲ. ಡೇಟಾ ತಿಂದವರು ಯಾರೆಂದು ತಿಳಿಯಲು ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿರುವ 'ಡೇಟಾ ಯೂಸೇಜ್' ಪುಟದಲ್ಲಿ ಕಳೆದ 30 ದಿನಗಳ ಬಳಕೆಯನ್ನು ನೋಡಬೇಕು. ವಿಂಡೋಸ್ ಅಪ್‌ಡೇಟ್‌ಗಳೇ ಕಾರಣವೆನಿಸಿದರೆ ಆ ಹಾಟ್‌ಸ್ಪಾಟ್‌ಗೆ, ಡೇಟಾ ಮಿತವಾಗಿದೆ ಎಂದು ವಿಂಡೋಸ್‌ಗೆ ತಿಳಿಸುವ 'ಮೀಟರ್ಡ್ ಕನೆಕ್ಷನ್' ಆಯ್ಕೆಯನ್ನು ಹಾಕಿಡಬೇಕು.