ಮನೆಯಲ್ಲೇ ಸೆರಾಮಿಕ್ ಬರ್ನರ್ ಮಾಡೋಕೆ ಹೊರಟಿದ್ದೀರಾ? ಮೊದಲು ಇದನ್ನು ಓದಿ

ನನ್ನ ಬಲ ಮುಂಗೈ ಮೇಲೆ ರೂಪಾಯಿ ಅಗಲದ ಕಲೆ ಇದೆ. ಅದರ ಕಥೆ ಇದು.

ನಮ್ಮದು ಕಲಬುರಗಿ. ಅವ್ವ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಾಳೆ. ಭೋಗಿ ಹತ್ತಿರ ಬಂತೆಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಎಲ್ಲಿಲ್ಲದ ಬೇಡಿಕೆ. ಆದರೆ ಮನೆಯ ಗ್ಯಾಸ್ ಒಲೆ ದೊಡ್ಡ ಹಂಚಿಗೆ ಸಾಲದು. ನಡು ಸೀಯುತ್ತೆ, ಅಂಚು ಹಸಿ ಉಳಿಯುತ್ತೆ. ನಾನು ಮೋಟಾರ್ ರಿವೈಂಡಿಂಗ್ ಮಾಡುವವನು, ವೆಲ್ಡಿಂಗ್ ಕೂಡ ಬರುತ್ತೆ. ಒಂದು ವಿಡಿಯೊದಲ್ಲಿ ಸೆರಾಮಿಕ್ ಬರ್ನರ್ ಮಾಡುವುದನ್ನು ನೋಡಿದೆ. ಇಟ್ಟಿಗೆಯಂಥ ಕಲ್ಲು, ಅದರ ತುಂಬ ತೂತು, ಅಷ್ಟೂ ಅಗಲಕ್ಕೆ ಒಂದೇ ಸಮ ಉರಿ. ಇಷ್ಟೇ ತಾನೆ ಅನ್ನಿಸಿತು.

ಕಬ್ಬಿಣದ ತಗಡಿನಿಂದ ಡಬ್ಬಿ ಮಾಡಿದೆ. ತೂತು ಉಳಿಯಲಿ ಅಂತ ಬಾಯಿಗೆ ಜ್ಯೂಸ್ ಸ್ಟ್ರಾಗಳನ್ನು ಸಾಲಾಗಿ ನಿಲ್ಲಿಸಿ, ಸುತ್ತ ಸಿಮೆಂಟು, ಪಿಒಪಿ, ಬೂದಿ ಕಲಸಿ ಸುರಿದೆ. ವಿಡಿಯೊದವನು ಫೈರ್ ಸಿಮೆಂಟ್, ಅಂದರೆ ಬೆಂಕಿಯ ಕಾವು ತಡೆಯುವ ಸಿಮೆಂಟ್, ಅಂದಿದ್ದ. ಸಿಮೆಂಟ್ ಅಂದ್ರೆ ಸಿಮೆಂಟೇ ಅಲ್ವಾ ಅಂತ ಮನೆ ಕಟ್ಟಿ ಉಳಿದಿದ್ದನ್ನೇ ಹಾಕಿದೆ. ಎರಡು ದಿನ ಮಾಳಿಗೆ ಮೇಲೆ ಬಿಸಿಲಿಗಿಟ್ಟೆ. ಮುಟ್ಟಿದರೆ ಖಣಖಣ ಒಣಗಿತ್ತು.

ಅಡುಗೆಮನೆಯ ಶಹಾಬಾದ್ ಪರಸಿ ಮೇಲಿಟ್ಟು, ಮನೆಯ 14.2 ಕೆಜಿ ಸಿಲಿಂಡರಿನ ಪೈಪನ್ನೇ ಸಿಕ್ಕಿಸಿದೆ. (ಮನೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದೇ ಕಾನೂನಿಗೆ ವಿರುದ್ಧ. ಅದೂ ನನ್ನ ಲೆಕ್ಕಕ್ಕೇ ಸೇರಲಿ.) ಕಡ್ಡಿ ಗೀರಿದೆ. ಸಾಲು ಸಾಲು ನೀಲಿ ಉರಿ. ಅವ್ವ ಕೂಡ ಬೇಷ್ ಅಂದಳು.

ಐದಾರು ನಿಮಿಷಕ್ಕೆ ‘ಢಬ್’ ಅಂತ ಸದ್ದಾಯಿತು. ಮೇಲಿನ ಉರಿ ಮಾಯ. ಆರಿತು ಅಂದುಕೊಂಡು ಬಗ್ಗಿದೆ. ಎಲ್ಲಿ ಆರಿತ್ತು? ಡಬ್ಬಿಯ ಒಳಗೆ ಹೊಕ್ಕಿತ್ತು. ಒಳಗಿಂದ ಬುಸ್ ಅನ್ನುವ ಸದ್ದು, ಗ್ಯಾಸ್ ಬರುವ ಕೊಳವೆಯ ಬುಡ ಕೆಂಪಾಗುತ್ತಿದೆ, ರಬ್ಬರ್ ಪೈಪಿನ ಕಮಟು ವಾಸನೆ. ನಾನೋ, ಸುಮ್ನೆ ನೋಡುತ್ತಾ ಕೂತೆ. “ಏಳೋ, ಬಂದ್ ಮಾಡೋ!” ಅಂತ ಕೂಗಿ ಅವ್ವನೇ ರೆಗ್ಯುಲೇಟರ್ ತಿರುಗಿಸಿದಳು. ಅಷ್ಟರಲ್ಲಿ ಕಲ್ಲು ಸಿಡಿಯಿತು. ಒಂದು ಚೂರು ಮುಂಗೈಗೆ ಕಚ್ಚಿಕೊಂಡಿತು. ಕೆಳಗಿನ ಪರಸಿಯೂ ತಟ್ಟೆಯಷ್ಟು ಚಕ್ಕೆ ಎದ್ದಿತ್ತು.

ಗಾಯಕ್ಕೆ ಟೂತ್‌ಪೇಸ್ಟ್ ಮೆತ್ತಿಕೊಂಡು ಹೋಗಿದ್ದಕ್ಕೆ ಡಾಕ್ಟರ್ ಬೈದರು. ಹರಿಯುವ ತಣ್ಣೀರಿಗೆ 20 ನಿಮಿಷ ಕೈ ಒಡ್ಡಬೇಕಿತ್ತಂತೆ.

ಆಮೇಲೆ ತಿಳಿದವರನ್ನು ಕೇಳಿದೆ. ಬಿಸಿಲಿಗೆ ಒಣಗುವುದು ಮೈ ಮಾತ್ರ. ಸಿಮೆಂಟು, ಪಿಒಪಿ ಒಳಗೆ ಹಿಡಿದಿಟ್ಟ ನೀರು ಕಾವಿಗೇ ಹೊರಗೆ ಬರೋದು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತೆ. ದಾರಿ ಸಿಗದಿದ್ದರೆ ಕಲ್ಲು ಒಡೆದುಕೊಂಡೇ ಬರುತ್ತೆ. ಫೈರ್ ಸಿಮೆಂಟನ್ನೂ ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಇಟ್ಟು ಹದ ಮಾಡಬೇಕು.

ತೂತಿನದು ಇನ್ನೂ ದೊಡ್ಡ ತಪ್ಪು. ಗ್ಯಾಸ್ ಹೊರಗೆ ಬರುವ ವೇಗ ಉರಿ ಒಳಗೆ ಓಡುವ ವೇಗಕ್ಕಿಂತ ಜಾಸ್ತಿ ಇರಬೇಕು. ಕಂಪನಿ ಬರ್ನರಿನ ಕಲ್ಲಿನ ತೂತು 1 ಮಿಲಿಮೀಟರಿಗಿಂತ ಚೂರು ದೊಡ್ಡದು ಅಷ್ಟೇ. ಅಷ್ಟು ಇಕ್ಕಟ್ಟಿನಲ್ಲಿ ಉರಿ ಗೋಡೆಗೆ ತಾಗಿ ತಣ್ಣಗಾಗಿ ಸಾಯುತ್ತೆ. ನನ್ನ ಸ್ಟ್ರಾ 6 ಮಿಲಿಮೀಟರ್, ಉರಿಗೆ ಅಗಸಿ ಬಾಗಿಲು ತೆರೆದಿಟ್ಟ ಹಾಗೆ. ವಿಡಿಯೊ ಮತ್ತೆ ಹಾಕಿ ನೋಡಿದೆ. ಅವನದೂ ದೊಡ್ಡ ತೂತೇ. ಆದರೆ ಹಿಂದೆ, ಮೂಲೆಯಲ್ಲಿ, ಒಂದು ಬ್ಲೋವರ್ ತಿರುಗುತ್ತಿತ್ತು. ಅದು ಗಾಳಿ ತಳ್ಳುತ್ತಿತ್ತು, ಉರಿ ಹೊರಗೇ ನಿಂತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಕಲ್ಲೊಂದೇ.

“ಬ್ಲೋವರ್ ಹಾಕಿದ್ರೆ ಆಯ್ತಲ್ಲ” ಅಂದ ಒಬ್ಬ ಗೆಳೆಯ. ಕರೆಂಟ್ ಹೋದರೆ? ಬ್ಲೋವರ್ ನಿಲ್ಲುತ್ತೆ, ಗ್ಯಾಸ್ ನಿಲ್ಲಲ್ಲ. ಆ ಪೈಪ್ ಪೂರ್ತಿ ಕರಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಿಕೊಳ್ಳುತ್ತೇನೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಮೇಲೇರಿ ಹೋಗಲ್ಲ, ನೆಲದ ಮೇಲೇ ಹರಡುತ್ತೆ. ಜನವರಿ ಚಳಿಗೆ ಕಿಟಕಿ ಬೇರೆ ಮುಚ್ಚಿದ್ದೆವು. ಸೋರಿಕೆಯಾದರೆ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಆ ನಂಬರೂ ನನಗೆ ಗೊತ್ತಾದದ್ದು ಆಮೇಲೆಯೇ.

ಅವತ್ತಿನ ಆರ್ಡರನ್ನು ಅವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ತೊಗರಿ ಕಟ್ಟಿಗೆ ಉರಿಯಲ್ಲಿ ಮುಗಿಸಿದಳು. ಪರಾತದಲ್ಲಿ ನಾದಿಟ್ಟಿದ್ದ ಹಿಟ್ಟನ್ನು ಮಾತ್ರ ಚೆಲ್ಲಬೇಕಾಯಿತು. ಅದರ ತುಂಬ ಸಿಮೆಂಟಿನ ಚೂರು.