ಸೋಯಾ ಎಣ್ಣೆಯೋ, ಸೋಯಾ ಚಂಕ್ಸೋ, ಗಾಣದ ಶೇಂಗಾ ಎಣ್ಣೆಯೋ?

ಮುಂಬೈನ ಮಾಟುಂಗಾದಲ್ಲಿ ದಿನಸಿ ಕೊಳ್ಳುವ ನಮ್ಮವರಿಗೊಂದು ಅನುಮಾನ: ಕುಲಾಂತರಿ ಬೆಳೆಯ, ಅಂದರೆ ಪ್ರಯೋಗಾಲಯದಲ್ಲಿ ಜೀನ್ ಬದಲಿಸಿದ ಬೆಳೆಯ, ಡಿಎನ್ಎ ಅಡುಗೆಮನೆಗೂ ಬರುತ್ತದೆಯೇ?

ರಿಫೈನ್ಡ್ ಸೋಯಾ ಎಣ್ಣೆಯನ್ನೇ ನೋಡಿ. ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಬರುವುದು ಬಹುಪಾಲು ಕುಲಾಂತರಿ ಸೋಯಾದ್ದು. ಆದರೆ ಡಿಎನ್ಎ ನೀರಿಗೆ ಒಲಿಯುತ್ತದೆ, ಜಿಡ್ಡಿಗಲ್ಲ. ಎಣ್ಣೆಗೆ ನೀರು ಬೆರೆಸಿ ಅಂಟು ತೆಗೆಯುವಾಗ ಬಹಳಷ್ಟು ಡಿಎನ್ಎ ನೀರಿನ ಜತೆಗೇ ಹೋಗುತ್ತದೆ. ಬಣ್ಣ ತೆಗೆಯಲು ಬಳಸುವ ಬ್ಲೀಚಿಂಗ್ ಮಣ್ಣು ಇನ್ನಷ್ಟು ಹೀರುತ್ತದೆ. ವಾಸನೆ ಕಳೆಯಲು 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸುತ್ತಾರೆ. ಕೊನೆಗೆ ಉಳಿದ ಚೂರುಪಾರು ಡಿಎನ್ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೂ ಸಿಗುವುದು ಕಷ್ಟ.

ಚಂಕ್ಸ್, ತೋಫುಗಳಲ್ಲಿ ಹಾಗಲ್ಲ. ಪ್ರೋಟೀನ್ ಜತೆ ಡಿಎನ್ಎಯೂ ಉಳಿಯುತ್ತದೆ. ಶಾಖ, ಒತ್ತಡಕ್ಕೆ ತುಂಡಾಗುತ್ತದೆಯೇ ಹೊರತು ಪೂರ್ತಿ ಮಾಯವಾಗುವುದಿಲ್ಲ. ತಮಾಷೆಯೆಂದರೆ, ಭಾರತದಲ್ಲಿ ಕುಲಾಂತರಿ ಸೋಯಾ ಬೆಳೆಯಲು ಅನುಮತಿಯೇ ಇಲ್ಲ. ಹಾಗಾಗಿ ದೇಶಿ ಸೋಯಾದ ಚಂಕ್ಸ್‌ನಲ್ಲಿರುವುದು ತೊಗರಿಬೇಳೆಯಲ್ಲಿದ್ದಂಥ ಮಾಮೂಲಿ ಡಿಎನ್ಎ. ಕುಲಾಂತರಿಯದಾಗಲಿ, ಮಾಮೂಲಿಯದಾಗಲಿ, ಹೊಟ್ಟೆಗೆ ಹೋದಮೇಲೆ ಎರಡೂ ಡಿಎನ್ಎ ಜೀರ್ಣವಾಗುವಂಥವೇ.

ಗಾಣದ ಎಣ್ಣೆ ಇಷ್ಟೆಲ್ಲ ಶುದ್ಧೀಕರಣ ಕಾಣುವುದಿಲ್ಲ. ಅದರಲ್ಲಿ ಡಿಎನ್ಎ ತುಸು ಹೆಚ್ಚೇ ಉಳಿದೀತು. ಆದರೆ ಕುಲಾಂತರಿ ಶೇಂಗಾ ಮಾರುಕಟ್ಟೆಗೇ ಬಂದಿಲ್ಲ. ಬೆಲೆ ಮಾತ್ರ ಜೇಬು ಸುಡುತ್ತದೆ.

ನಿಮ್ಮ ಚಿಂತೆ ತಟ್ಟೆಯಲ್ಲಿನ ಡಿಎನ್ಎ ಬಗ್ಗೆ ಮಾತ್ರವಾದರೆ ಅಗ್ಗದ ರಿಫೈನ್ಡ್ ಎಣ್ಣೆಯೇ ಸಾಕು, ಶೇಂಗಾಕ್ಕೆ ದುಡ್ಡು ಸುರಿಯಬೇಡಿ. ತಕರಾರು ಕುಲಾಂತರಿ ಬೇಸಾಯದ ಮೇಲೇ ಇದ್ದರೆ ಶೇಂಗಾ ಕೊಳ್ಳಿ. ಆಗ ಫರಸಾಣ್‌ನಂಥ ಕುರುಕಲು ತಿಂಡಿ ಪೊಟ್ಟಣದ ಹಿಂಬದಿಯಲ್ಲಿ ಹತ್ತಿಬೀಜದ ಎಣ್ಣೆ ಇದೆಯೇ ಎಂದೂ ಓದಿ: 2002ರಲ್ಲಿ ಅನುಮತಿ ಸಿಕ್ಕ ಕುಲಾಂತರಿ ಬಿಟಿ ಹತ್ತಿಯೇ ಈಗ ಇಲ್ಲಿನ ಬಹುತೇಕ ಹತ್ತಿ ಹೊಲಗಳಲ್ಲಿದೆ.